ಅಕ್ಕಿ ಬಿದ್ದ ಹುಳ

ಆ ವರ್ಷ ಕಂಬಳಿಹುಳ ಎಷ್ಟು ಬಿತ್ತೆಂದರೆ
ಹಾಲುವಾಣದ ಬೊಡ್ಡೆಗಳೇ ಉಸಿರಾಡುವಂತೆ ಕಾಣುತ್ತಿದ್ದವು.
ಪಾಲಿಬೆಟ್ಟದ ಕೆಳಗೆ, ನಮ್ಮ ಏಳನೇ ಬ್ಲಾಕಿನಲ್ಲಿ
ಒಂದು ಡಬ್ಬಿ ಹುಳಕ್ಕೆ ಮೂರು ರೂಪಾಯಿ.
ಸೀಮೆಎಣ್ಣೆ ಬಕೆಟ್ಟಿನ ಪಕ್ಕ ಸ್ಟೂಲು ಹಾಕಿ
ರೈಟರ್ ನಾನು, ಡಬ್ಬಿ ಎಣಿಸುತ್ತಿದ್ದೆ,
ಕೈ ತುರಿಸುತ್ತ, ಕತ್ತು ತುರಿಸುತ್ತ,
ಮಸ್ಟರ್ ಪುಸ್ತಕದಲ್ಲಿ ಗೀಟು ಎಳೆಯುತ್ತ.

ಎಲ್ಲರದ್ದೂ ಹನ್ನೊಂದು, ಹನ್ನೆರಡು.
ಎರವರ ಮಾಚಿಯದು ಏಳು.
"ಕಣ್ಣು ಮಂಜಾಯಿತೇನು?" ಎಂದೆ.
ಅವಳು ಕಾಫಿ ಎಲೆಯ ಮೇಲೊಂದು ಹುಳ ಹಿಡಿದು
ನನ್ನ ಮೂಗಿನ ಹತ್ತಿರ ತಂದಳು.
ಕತ್ತಿನ ಹಿಂದೆ, ರೋಮದ ನಡುವೆ,
ಬೆಳ್ಳಗೆ, ನುಚ್ಚಕ್ಕಿ ಅಂಟಿಸಿದ ಹಾಗೆ.
"ಇದಕ್ಕೆ ಅಕ್ಕಿ ಬಿದ್ದಿದೆ ರೈಟ್ರೇ.
ಇನ್ನು ಇದು ನಮ್ಮದಲ್ಲ."

ಮದುವೆಮನೆಯಲ್ಲಿ ನೋಡಿದ್ದೇನೆ:
ಮೊಣಕಾಲಿಗೆ, ಭುಜಕ್ಕೆ, ಕೊನೆಗೆ ನೆತ್ತಿಗೆ
ಅಕ್ಕಿ ಉದುರಿಸಿ ಹರಸುವುದನ್ನು.
ಹರಕೆ ಹೀಗೂ ಇರಬಹುದೆಂದು ಗೊತ್ತಿರಲಿಲ್ಲ.

ಅಕ್ಕಿ ಹಾಕುವವಳನ್ನು ಮರುದಿನ ತೋರಿಸಿದಳು.
ಮನೆನೊಣಕ್ಕಿಂತ ತುಸು ದಪ್ಪ, ಬೂದಿ ಬಳಿದ ಮೈ,
ಬೆನ್ನ ತುಂಬ ನೆಟ್ಟಗೆ ನಿಂತ ಕರಿ ಬಿರುಗೂದಲು,
ಹಂದಿ ಬೇಟೆಗೆ ಹೋಗಿ
ತಾನೇ ಹಂದಿಯಾಗಿ ಮರಳಿದಂತೆ.
ಹುಳ ತಲೆ ಎತ್ತಿ ಜಾಡಿಸಿತು.
ನೊಣ ಹಿಂದೆ ಸರಿಯಿತು. ಕಾದಿತು. ಮತ್ತೆ ಬಂತು.
ಸಾಲ ಕೇಳುವವರ ಅವಸರವಲ್ಲ,
ಕೊಡಲು ಬಂದವರ ತಾಳ್ಮೆ ಅದು.
ಬಾಲ ಬಾಗಿಸಿ ಒಮ್ಮೆ ಮುಟ್ಟಿ ಹಾರಿಹೋಯಿತು.
ಅಷ್ಟೇ.
ಹುಳ ಎಲೆ ತಿನ್ನತೊಡಗಿತು,
ಇಬ್ಬರ ಹಸಿವು ತನ್ನದೊಂದೇ ಎಂದುಕೊಂಡು.

ತಪ್ಪಿಸಿಕೊಳ್ಳುವುದೂ ಉಂಟಂತೆ.
ಅಕ್ಕಿ ಒಡೆಯುವ ಮೊದಲೇ ಪೊರೆ ಕಳಚಿದರೆ
ಕಾಳು ಪೊರೆಯಲ್ಲೇ ಉಳಿಯುತ್ತದೆ,
ಹುಳ ಹೊಸ ಮೈಯಲ್ಲಿ ನಡೆದುಬಿಡುತ್ತದೆ.
ಅಂಥದೊಂದು ತೊಗಟೆಯ ಸಂದಿಯಲ್ಲಿ ಸಿಕ್ಕಿತು:
ಒಳಗೆ ಯಾರೂ ಇಲ್ಲದ ಅಂಗಿ,
ಕಾಲರಿನ ಮೇಲೊಂದು ಕಾಳು.
ಮಾಚಿ ನಕ್ಕಳು. ಯಾರ ಪರವಾಗಿ ನಕ್ಕಳೋ.

ಹುಳದ ಡಾಕ್ಟರಮ್ಮ ದೇಚಕ್ಕ ಜೀಪಿನಲ್ಲಿ ಬಂದರು,
ಗಾಜಿನ ಮುಚ್ಚಳದ ಪೆಟ್ಟಿಗೆ ತಂದರು.
ಗುಂಡುಸೂಜಿಗೆ ಚುಚ್ಚಿದ ಅಮೆರಿಕದ ನೊಣಗಳು,
ಸಮುದ್ರ ದಾಟಿ ಬಂದರೂ ಒಂದು ಕೂದಲು ಬಾಗಿಲ್ಲ.
ಭುಜದ ಹಿಂದೆ ಎಷ್ಟು ಬಿರುಗೂದಲು,
ಮುಖದ ಅಂಚಿನಲ್ಲಿ ಎಷ್ಟು,
ಭೂತಗನ್ನಡಿಯಲ್ಲಿ ಎಣಿಸಿಯೇ ಕುಲ ಹೇಳಬೇಕಂತೆ;
ಆ ಕುಲದವು ಆ ಕಡೆಯವೇ, ಇಲ್ಲಿ ಇಲ್ಲವಂತೆ.
ಮಾಚಿ ಬಗ್ಗಿ ನೋಡಿದಳು. ಗಾಜು ಮಂಜಾಯಿತು.
"ಮನೆಹೆಸರು ಬೇರೆ," ಅಂದಳು,
"ಕಸುಬು ಒಂದೇ."
ದೇಚಕ್ಕ ಅದನ್ನು ಬರೆದುಕೊಂಡರು.
ಅವಳ ಹೆಸರನ್ನು ಬರೆದುಕೊಂಡಿದ್ದು ನೋಡಲಿಲ್ಲ.

ನಾನೊಂದು ಹುಳವನ್ನು ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟೆ,
ಸ್ಟೋರಿನ ಕಿಟಕಿಯಲ್ಲಿ, ಗೊಬ್ಬರದ ರಸೀದಿಗಳ ಪಕ್ಕ.
ಒಂಬತ್ತನೇ ದಿನ ಕಂಬಳಿ ಖಾಲಿ.
ಬಿಳಿ ಮರಿಯೊಂದು ಹೊರಬಂದು ಮಣ್ಣಿಗಿಳಿದು
ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿ ಗಟ್ಟಿಯಾಯಿತು.
ಮತ್ತೆ ಹನ್ನೆರಡು ದಿನ.
ಕೊನೆಗೆ ಹಣೆಯನ್ನೇ ಬಲೂನಿನಂತೆ ಊದಿಸಿ
ಹಣೆಯಿಂದಲೇ ಬಾಗಿಲು ನೂಕಿ
ಒದ್ದೆ ರೆಕ್ಕೆಯ, ಮುದುಡಿದ ಮುಳ್ಳಿನ ಒಂದು ಜೀವ.
ಮುಚ್ಚಳ ತೆರೆದೆ. ಒಳ್ಳೆಯತನಕ್ಕಲ್ಲ,
ಬಾಟಲಿ ಬೇಕಾಗಿತ್ತು.

ಮರುವರ್ಷ ಹುಳ ಬೀಳಲಿಲ್ಲ.
ನೊಣದ ಉಪಕಾರ, ಎಂದರು ದೇಚಕ್ಕ.
ಧಣಿಗಳಿಗೆ ಖುಷಿ. ಸೀಮೆಎಣ್ಣೆ ಉಳಿಯಿತು.
ಡಬ್ಬಿ ಕೆಲಸವೂ ನಿಂತಿತು.
ಮಾಚಿ ತಿತಿಮತಿಯ ಕಡೆ ಮೆಣಸು ಕೊಯ್ಯಲು ಹೋದಳೆಂದರು.
ಬಿಟ್ಟ ಹುಳಕ್ಕೆ ಕೂಲಿ ಬರೆಯುವ ಕಾಲಂ
ನನ್ನ ಮಸ್ಟರಿನಲ್ಲಿ ಇರಲಿಲ್ಲ;
ಗೀಟು ಹಾಕುವುದು ನನಗೆ ಗೊತ್ತಿತ್ತು,
ಆದರೂ ಹಾಕಲಿಲ್ಲ.

ನಿನ್ನೆ ಹಳೆಯ ಪುಸ್ತಕ ತೆಗೆದೆ.
ಮಾಚಿ, ಏಳು ಡಬ್ಬಿ, ಇಪ್ಪತ್ತೊಂದು ರೂಪಾಯಿ.
ಆ ಸಾಲಿನ ಮೇಲೆ ಒಂದು ನೊಣ ಬಂದು ಕೂತು
ಮುಂಗಾಲು ಉಜ್ಜಿಕೊಳ್ಳುತ್ತಿತ್ತು,
ಬೆನ್ನ ಮೇಲೆ ಬಿರುಗೂದಲು.
ಅಟ್ಟಲೆಂದು ಕೈ ಎತ್ತಿದೆ.
ಯಾಕೋ, ಕತ್ತು ತುರಿಸಿತು.